‘ಬಂದೂಕು ಕೊಟ್ಟರು’ – ಯಾರು ಕೊಟ್ಟರು?

ಬಾಲ್ಯ ಮತ್ತು ಬಾಲ ಸೈನಿಕರ ಕುರಿತ ಕವಿತೆ, ಮನವಿಗಳನ್ನು ಬಿಡಿಸಿ ಓದುವುದು ಹೇಗೆ?

ಸೆಪ್ಟೆಂಬರ್ ಮೊದಲ ವಾರ. ಕೊಡವರ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್ ಮುಗಿಸಿ ಬಂದ ಮಕ್ಕಳ ಊಟದ ಡಬ್ಬಿಗಳಲ್ಲಿ ಇನ್ನೂ ಅಕ್ಕಿಯ ಕಡಂಬುಟ್ಟು ಇತ್ತು. ದಕ್ಷಿಣ ಕೊಡಗಿನ ನಮ್ಮ ಶಾಲೆಯ ಒಂಬತ್ತನೇ ತರಗತಿಗೆ ಅಂದು ನಾನು ಒಯ್ದದ್ದು ಬಾಲ ಸೈನಿಕನೊಬ್ಬನ ಮೇಲಿನ ಪದ್ಯ. ಓದಿ ಮುಗಿಸಿದ್ದೇ ತಡ, ಎರಡನೇ ಬೆಂಚಿನ ಹುಡುಗಿ ಎದ್ದು ನಿಂತಳು. “ಮೇಡಂ, ಮೊನ್ನೆಯಷ್ಟೇ ಮನೆಯಲ್ಲಿ ತೋಕಿಗೆ (ಕೋವಿಗೆ) ಹೂ ಇಟ್ಟು ಬಂದಿದ್ದೇನೆ. ಈಗ ಕೋವಿ ಕೆಟ್ಟದ್ದು ಅಂತ ಬರೀಬೇಕಾ?”

ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಹಿಂದೆಲ್ಲ ಕೊಡವರ ಮನೆಯಲ್ಲಿ ಗಂಡು ಮಗು ಹುಟ್ಟಿದರೆ ಗುಂಡು ಹಾರಿಸಿ ಊರಿಗೆ ತಿಳಿಸುತ್ತಿದ್ದರು, ಹರಳು ಗಿಡದ ಕಡ್ಡಿಯಲ್ಲಿ ಪುಟ್ಟ ಬಿಲ್ಲು ಮಾಡಿ ಕೂಸಿನ ಕೈಗೆ ಮುಟ್ಟಿಸುತ್ತಿದ್ದರು. ಮಡಿಕೇರಿಗೆ ಹೋದರೆ ಬಸ್ಸು ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ತಿಮ್ಮಯ್ಯನವರ ಹೆಸರಿನ ವೃತ್ತವನ್ನು ಬಳಸಿಯೇ ಮುಂದಕ್ಕೆ ಹೋಗುತ್ತದೆ. ಇಂಥ ಊರಿನ ಮಗುವಿಗೆ ಗೈಡಿನಲ್ಲಿರುವ ‘ಯುದ್ಧ ಬೇಡ, ಶಾಂತಿ ಬೇಕು’ ಎಂಬ ಸಾರಾಂಶ ಬರೆಸಿದರೆ ಅದು ಪರೀಕ್ಷೆಗಾಗಿ ಹೇಳಿದ ಸುಳ್ಳಾಗುತ್ತದೆ. ಅವಳಿಗೆ ಉತ್ತರ ಸಿಕ್ಕಿದ್ದು ಪದ್ಯದ ಕ್ರಿಯಾಪದಗಳಲ್ಲಿ. ಹೇಗೆ ಅಂತ ನೋಡೋಣ.

ಪದ್ಯ ಇದು. ತರಗತಿಗೆಂದು ನಾನೇ ಹೊಸೆದದ್ದು, ಕವಿಯೆಂಬ ಹೆಮ್ಮೆಯೇನೂ ನನಗಿಲ್ಲ.

ಮಗು ಮಲಗಿತ್ತು. ಹೊಲದಲ್ಲಿ ನಾಯಿ ಬೊಗಳಿತು.
ದೀಪ ಆರಿಸಿದರು.
ಬಾಗಿಲು ಮುರಿದರು.
ಮಗು ಎದ್ದು ಕೂತಿತು, ಅಮ್ಮನ ಸೆರಗು ಹುಡುಕಿತು.
ಲಾರಿ ಹತ್ತಿಸಿದರು.

ಎಂಟು ದಿನ ನಡೆಸಿದರು.
ಒಂಬತ್ತನೆಯ ದಿನ ಬಂದೂಕು ಕೊಟ್ಟರು.
ಅವನು ತಗೊಂಡ.
ಅಂಗಿಯ ಜೇಬಿನಲ್ಲಿ ಇನ್ನೂ
ಮೂರು ಗೋಲಿ ಇದ್ದವು.

ಮೊದಲು ಕಿವಿ, ಆಮೇಲೆ ಪೆನ್ಸಿಲ್ಲು

ಎರಡು ಸಲ ಗಟ್ಟಿಯಾಗಿ ಓದಿ. ಒಮ್ಮೆ ನೀವು, ಒಮ್ಮೆ ಬೇರೆಯವರು. ಎಲ್ಲಿ ಉಸಿರು ನಿಲ್ಲುತ್ತದೋ ಅಲ್ಲೊಂದು ಗೀಟು ಹಾಕಿಕೊಳ್ಳಿ. ನಮ್ಮ ತರಗತಿಯಲ್ಲಿ ಎಲ್ಲರೂ ನಿಂತದ್ದು ‘ಅವನು ತಗೊಂಡ’ ಎಂಬಲ್ಲಿ. ಯಾಕೆ ಎಂದು ಆಗಲೇ ಕೇಳಬೇಡಿ.

ಕ್ರಿಯಾಪದಗಳಿಗೆ ಸುತ್ತು ಹಾಕಿ

ಒಟ್ಟು ಹನ್ನೊಂದು ಇವೆ. ಅವುಗಳಲ್ಲಿ ಐದು ‘ರು’ ಎಂದು ಮುಗಿಯುತ್ತವೆ: ಆರಿಸಿದರು, ಮುರಿದರು, ಹತ್ತಿಸಿದರು, ನಡೆಸಿದರು, ಕೊಟ್ಟರು. ಈಗ ಈ ಐದಕ್ಕೂ ಕರ್ತೃಪದ ಹುಡುಕಿ. ಸಿಗುವುದಿಲ್ಲ. ನಾಯಿಗೂ ಕರ್ತೃವಾಗುವ ಭಾಗ್ಯವಿದೆ, ಬಾಗಿಲು ಮುರಿದವರಿಗಿಲ್ಲ. ಕನ್ನಡದಲ್ಲಿ ಕರ್ತೃವನ್ನು ಬಿಟ್ಟು ಕ್ರಿಯಾಪದವೊಂದನ್ನೇ ಹೇಳಿದರೂ ವಾಕ್ಯ ನಿಲ್ಲುತ್ತದೆ. ‘ಬಂದರು’ ಅಂದರೆ ಸಾಕು. ಪದ್ಯ ಆ ಸವಲತ್ತನ್ನೇ ಬಳಸಿಕೊಂಡು ಮುಖವಿಲ್ಲದ ಒಂದು ಗುಂಪನ್ನು ನಮ್ಮೆದುರು ನಿಲ್ಲಿಸುತ್ತದೆ.

ಇಲ್ಲಿ ಅವಸರ ಬೇಡ. ‘ದೀಪ ಆರಿಸಿದರು’ ಎಂಬಲ್ಲಿ ಆರಿಸಿದ್ದು ಯಾರು? ಬಂದವರೇ ಇರಬೇಕು ಎಂದುಕೊಂಡೇ ನಾನು ಬರೆದಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ, “ನಾಯಿ ಬೊಗಳಿದ ಮೇಲೆ ಮನೆಯವರೇ ಆರಿಸಿರಬಹುದಲ್ವಾ ಮೇಡಂ, ಅಡಗಿಕೊಳ್ಳೋಕೆ?” ಅಂದ. ಅವನ ಮನೆ ಕಾಡಂಚಿನಲ್ಲಿದೆ, ಆನೆ ಬಂದ ರಾತ್ರಿ ಮನೆಯೊಳಗೆ ಹೇಗಿರುತ್ತದೆ ಎಂದು ಅವನಿಗೆ ಗೊತ್ತು. ಅವನ ಮಾತಿನಿಂದ ಪದ್ಯವೇ ಬೇರೆಯಾಯಿತು. ಮೊದಲ ‘ರು’ ಅಪ್ಪ ಅಮ್ಮನದು, ಎರಡನೆಯದು ದಾಳಿಗೆ ಬಂದವರದು, ನಡುವೆ ಒಂದು ಸಾಲಿನ ಅಂತರವೂ ಇಲ್ಲ. ಎರಡು ಅರ್ಥಕ್ಕೂ ಸಾಲು ಆಸರೆ ಕೊಡುತ್ತಿದ್ದರೆ ಎರಡನ್ನೂ ಬರೆಯಿರಿ. ಒಂದನ್ನೇ ಆರಿಸಿ ಇನ್ನೊಂದಕ್ಕೆ ಗೀಟು ಹೊಡೆಯುವ ಚಟ ಬಹು ಆಯ್ಕೆಯ ಪ್ರಶ್ನೆಗಳಿಂದ ಬಂದದ್ದು.

ಇನ್ನು ‘ಹತ್ತಿಸಿದರು’, ‘ನಡೆಸಿದರು’. ವ್ಯಾಕರಣದ ಪಾಠದಲ್ಲಿ ಉರು ಹೊಡೆದ ಪ್ರೇರಣಾರ್ಥಕ ಇದೇ. ಹತ್ತು–ಹತ್ತಿಸು, ನಡೆ–ನಡೆಸು. ನಡೆದ ಕಾಲು ಮಗುವಿನದು, ಇಚ್ಛೆ ಇನ್ನೊಬ್ಬರದು. ‘ಮಗುವನ್ನು ಬಲವಂತವಾಗಿ ಒಯ್ದರು’ ಎಂದು ಉದ್ದಕ್ಕೆ ಬರೆಯಬೇಕಾದದ್ದನ್ನು ‘ಇಸು’ ಎಂಬ ಒಂದು ಪ್ರತ್ಯಯ ಹೇಳಿಬಿಡುತ್ತದೆ.

ಈಗ ಆ ಹುಡುಗಿಯ ಪ್ರಶ್ನೆಗೆ ಬರೋಣ. “ನಿಮ್ಮ ಮನೆ ಕೋವಿ ಯಾರದ್ದು?” ಎಂದು ಕೇಳಿದೆ. “ಅಜ್ಜಂದು. ಅಪ್ಪನಿಗೆ ಅಜ್ಜ ಕೊಟ್ಟರು.” ಕಪ್ಪು ಹಲಗೆಯ ಮೇಲೆ ಎರಡನ್ನೂ ಒಂದರ ಕೆಳಗೊಂದು ಬರೆದೆ. ‘ಅಜ್ಜ ಕೊಟ್ಟರು.’ ‘ಬಂದೂಕು ಕೊಟ್ಟರು.’ ಎರಡೂ ಕಡೆ ಅದೇ ಕ್ರಿಯಾಪದ, ಅದೇ ‘ರು’. ಮೊದಲನೆಯದು ಗೌರವದ ಬಹುವಚನ, ಅದರ ಹಿಂದೆ ಒಬ್ಬ ಅಜ್ಜ, ಒಂದು ಮನೆ ಹೆಸರು, ದೊಡ್ಡವನಾದ ಮಗ ಇದ್ದಾರೆ. ಎರಡನೆಯದು ಬರೀ ಗುಂಪಿನ ಬಹುವಚನ. ಹುಡುಗಿ ಹಲಗೆಯನ್ನೇ ನೋಡುತ್ತ ಕೂತಳು, ಆಮೇಲೆ ಪುಸ್ತಕದ ಅಂಚಿನಲ್ಲಿ ಏನೋ ಬರೆದುಕೊಂಡಳು. ಕೋವಿ ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆ ಆಮೇಲೆ ಏಳಲಿಲ್ಲ. ಯಾರು, ಯಾರಿಗೆ, ಯಾವ ವಯಸ್ಸಿನಲ್ಲಿ ಕೊಟ್ಟರು ಎಂಬಲ್ಲಿಗೆ ಮಾತು ಹೊರಳಿತು.

ಹೆಸರು ಎಲ್ಲಿ ಬದಲಾಗುತ್ತದೆ?

ಕನ್ನಡದಲ್ಲಿ ‘ಮಗು’ ನಪುಂಸಕಲಿಂಗ. ಮಲಗಿತ್ತು, ಕೂತಿತು, ಹುಡುಕಿತು. ಬಂದೂಕು ಕೈಗೆ ಬಂದ ಸಾಲಿನಲ್ಲಿ ‘ಅವನು’ ಎನ್ನುವ ಪದ ಮೊದಲ ಸಲ ಬರುತ್ತದೆ. ‘ಅದು’ ಆಗಿದ್ದದ್ದು ‘ಅವನು’ ಆಗುವ ಆ ಕ್ಷಣದಲ್ಲೇ ಬಾಲ್ಯ ಮುಗಿಯಿತು. ಉಸಿರು ಅಲ್ಲೇ ನಿಂತದ್ದು ಇದಕ್ಕೇ. ನಮ್ಮ ಭಾಷೆ ಪುಕ್ಕಟೆಯಾಗಿ ಕೊಟ್ಟ ಇಂಥ ಸಲಕರಣೆ ಇರುವಾಗ ‘ಕವಿ ಬಾಲ್ಯದ ಮಹತ್ವವನ್ನು ಸಾರಿದ್ದಾರೆ’ ಎಂದು ಬರೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಒಂದು ತಪ್ಪೊಪ್ಪಿಗೆಯೂ ಇದೆ. ಗೋಲಿ ಆಡುವ ಪ್ರಾಯದವನನ್ನು ಯಾರಾದರೂ ‘ಮಗು’ ಅನ್ನುತ್ತಾರೆಯೇ? ‘ಹುಡುಗ’ ಅನ್ನಬೇಕು. ‘ಮಗು’ ಎಂದದ್ದು ನಿಮ್ಮ ಕರುಳು ಹಿಂಡಲಿಕ್ಕೆ. ಕವಿತೆಯೂ ಓದುಗರನ್ನು ಒಲಿಸಿಕೊಳ್ಳಲು ನೋಡುತ್ತದೆ, ಕರಪತ್ರ ಮಾತ್ರ ಅಲ್ಲ. ನಿಮ್ಮ ವಿಶ್ಲೇಷಣೆಯಲ್ಲಿ ಇದನ್ನು ಹಿಡಿದು ಹಾಕಿದರೆ ಒಂದು ಅಂಕ ಹೆಚ್ಚೇ ಕೊಡುತ್ತೇನೆ.

ಜೇಬಿನಲ್ಲಿ ಏನಿದೆ ನೋಡಿ

ಇಂಥ ಪದ್ಯಗಳಲ್ಲಿ ಒಂದಾದರೂ ವಸ್ತು ಇದ್ದೇ ಇರುತ್ತದೆ: ಗಾಳಿಪಟ, ಚಪ್ಪಲಿ, ಪಾಟಿಚೀಲ. ಅದನ್ನು ‘ಬಾಲ್ಯದ ಸಂಕೇತ’ ಎಂದಷ್ಟೇ ಬರೆದು ಬಿಡಬೇಡಿ, ಆ ಪದವನ್ನೇ ತಿರುಗಿಸಿ ನೋಡಿ. ಗೋಲಿ ಎಂದರೆ ಆಟದ ಗಾಜಿನ ಗುಂಡು. ಪತ್ರಿಕೆಯಲ್ಲಿ ಪೊಲೀಸರು ಗುಂಡು ಹಾರಿಸಿದ ಸುದ್ದಿಗೆ ‘ಗೋಲಿಬಾರ್’ ಎಂಬ ಶೀರ್ಷಿಕೆ ಬರುತ್ತದೆ, ಅಲ್ಲಿರುವುದೂ ಗೋಲಿಯೇ. ಆಟ ಮತ್ತು ಸಾವು ಎರಡನ್ನೂ ಒಂದೇ ಪದ ಹೊತ್ತಿದೆ. ಮೂರೇ ಯಾಕೆ ಎಂದು ಒಬ್ಬ ಕೇಳಿದ. ಲಯಕ್ಕೆ ಕೂತಿತು, ಅಷ್ಟೇ. ಪ್ರತಿಯೊಂದಕ್ಕೂ ಗೂಢಾರ್ಥ ಹುಡುಕಬೇಕಾಗಿಲ್ಲ.

ಈಗ ಕರಪತ್ರ

ಒಲಿಸುವ ಬರವಣಿಗೆಗೂ ಒಂದು ಮಾದರಿ ಬೇಕಲ್ಲ, ಇದನ್ನೂ ನಾನೇ ಬರೆದೆ:

“ಈ ಕ್ಷಣದಲ್ಲೂ ಲಕ್ಷಾಂತರ ಮುಗ್ಧ ಮಕ್ಕಳ ಕೈಗೆ ಬಂದೂಕು ನೀಡಲಾಗುತ್ತಿದೆ. ನಿಮ್ಮ ಮಗು ಶಾಲೆಯ ಚೀಲ ಹೊರುವಾಗ ಇನ್ನೊಂದು ಮಗು ಗುಂಡುಗಳ ಚೀಲ ಹೊರುತ್ತಿದೆ. ತಜ್ಞರ ಪ್ರಕಾರ ಜಗತ್ತಿನಲ್ಲಿ ಮೂರು ಲಕ್ಷ ಬಾಲ ಸೈನಿಕರಿದ್ದಾರೆ. ನೀವು ಸುಮ್ಮನಿರುತ್ತೀರಾ? ಇಂದೇ ಕೈಜೋಡಿಸಿ.”

ಮೊದಲು ಅದರ ಕೊನೆಯ ವಾಕ್ಯ ಓದಿ. ಬರೆದವರಿಗೆ ನಿಮ್ಮಿಂದ ಏನು ಬೇಕು ಎಂಬುದು ಅಲ್ಲಿರುತ್ತದೆ: ಸಹಿ, ಹಣ, ಮತ, ಇಲ್ಲವೇ ಬರೀ ಕಣ್ಣೀರು. ಅದು ಗೊತ್ತಾದ ಮೇಲೆ ಮೇಲಿನಿಂದ ಓದುತ್ತ ಬನ್ನಿ.

‘ನೀಡಲಾಗುತ್ತಿದೆ’ ಎಂಬುದು ಕರ್ಮಣಿ. ಪದ್ಯದಲ್ಲೂ ಕರ್ತೃ ಇರಲಿಲ್ಲ ನಿಜ. ಆದರೆ ಅಲ್ಲಿ ‘ರು’ ಎಂಬ ಬಾಲವಾದರೂ ಉಳಿದು, ಯಾರೋ ಮನುಷ್ಯರು ಇದನ್ನು ಮಾಡಿದರು ಎಂದು ಹೇಳುತ್ತಿತ್ತು. ಇಲ್ಲಿ ಅದೂ ಇಲ್ಲ, ಮಳೆ ಬಂದ ಹಾಗೆ ಬಂದೂಕು ಬಂದಿದೆ. ಯಾವ ದೇಶ, ಯಾವ ಪಡೆ ಎಂದು ಹೇಳಿದರೆ ಯಾರಿಗಾದರೂ ಬೇಸರವಾದೀತು, ಹಾಗಾಗಿ ಹೇಳಿಲ್ಲ.

‘ನಿಮ್ಮ ಮಗು – ಇನ್ನೊಂದು ಮಗು’ ಎಂಬ ತಕ್ಕಡಿ, ಉತ್ತರ ಬಯಸದ ಪ್ರಶ್ನೆ, ‘ಇಂದೇ’ ಎಂಬ ಅವಸರ ಇವೆಲ್ಲ ಚಿನ್ನದಂಗಡಿಯ ಜಾಹೀರಾತಿನಲ್ಲೂ ಇರುತ್ತವೆ. ಹೆಸರಿಸಿ ಮುಂದೆ ಹೋಗಿ.

ನಿಲ್ಲಬೇಕಾದದ್ದು ಅಂಕಿಯ ಹತ್ತಿರ. ‘ಮೂರು ಲಕ್ಷ’ ಎಂಬುದು 1990ರ ದಶಕದ ಕೊನೆಯಿಂದ ವರ್ಷಗಟ್ಟಲೆ ಓಡಾಡಿದ ಅಂದಾಜು. ಅದು ಎಣಿಸಿದ ಸಂಖ್ಯೆಯಲ್ಲ. ಯುನಿಸೆಫ್ ಕೊಡುವ ಲೆಕ್ಕ ಬೇರೆ ಜಾತಿಯದು: 2005ರಿಂದ 2022ರವರೆಗೆ ಪಡೆಗಳು ಸೇರಿಸಿಕೊಂಡ ಮಕ್ಕಳಲ್ಲಿ ಪರಿಶೀಲಿಸಿ ಖಚಿತಪಡಿಸಿದವರೇ 1,05,000ಕ್ಕೂ ಹೆಚ್ಚು, ನಿಜವಾದ ಸಂಖ್ಯೆ ಇದಕ್ಕಿಂತ ಬಹಳ ದೊಡ್ಡದಿರಬೇಕು ಎಂದು ಆ ಸಂಸ್ಥೆಯೇ ಹೇಳುತ್ತದೆ. ಒಂದು ಯಾವುದೋ ಒಂದು ಹೊತ್ತಿನ ಅಂದಾಜು, ಇನ್ನೊಂದು ಹದಿನೆಂಟು ವರ್ಷಗಳ ಮೊತ್ತ. ಕಾಫಿ ಫಸಲಿನ ಕಣ್ಣಂದಾಜನ್ನೂ ತೂಕದ ಚೀಟಿಯನ್ನೂ ಯಾವ ಬೆಳೆಗಾರನೂ ಒಂದೇ ಎನ್ನುವುದಿಲ್ಲ. ಅಂಕಿ ಕಂಡಾಗ ಮೂರು ಕೇಳಿ: ಎಣಿಸಿದ್ದೋ ಅಂದಾಜೋ, ಯಾವ ವರ್ಷದ್ದು, ಯಾರು ಹೇಳಿದ್ದು. ‘ತಜ್ಞರ ಪ್ರಕಾರ’ ಎಂಬುದು ಮೂರನೆಯದಕ್ಕೆ ಉತ್ತರವಾಗುವುದಿಲ್ಲ.

‘ಬಾಲ ಸೈನಿಕ’ ಎಂದರೆ ಯಾರು?

ಈ ಪದ ಕೇಳಿದರೆ ಕಣ್ಣ ಮುಂದೆ ಬರುವುದು ಕೋವಿ ಹಿಡಿದ ಗಂಡು ಹುಡುಗ. ಬಾಲ ಸೈನಿಕರ ಕುರಿತ ಅಂತರರಾಷ್ಟ್ರೀಯ ಮಾರ್ಗಸೂಚಿಯಾದ 2007ರ ಪ್ಯಾರಿಸ್ ತತ್ವಗಳು ಹದಿನೆಂಟರೊಳಗಿನ ಅಡುಗೆಯವರು, ಹೊರೆ ಹೊರುವವರು, ಸುದ್ದಿ ಒಯ್ಯುವವರು, ಗೂಢಚಾರರು, ಲೈಂಗಿಕ ಶೋಷಣೆಗೆ ಸಿಕ್ಕ ಹೆಣ್ಣುಮಕ್ಕಳು ಎಲ್ಲರನ್ನೂ ಈ ಲೆಕ್ಕದಲ್ಲಿ ಸೇರಿಸುತ್ತವೆ. ನಿಮ್ಮ ಕೈಲಿರುವ ಬರಹದಲ್ಲಿ ಹುಡುಗಿ ಇದ್ದಾಳೆಯೇ? ನನ್ನ ಪದ್ಯದಲ್ಲಿ ಇಲ್ಲ. ಅದನ್ನೂ ಬರೆಯಿರಿ.

ವಯಸ್ಸಿನ ಗೆರೆಯೂ ಒಂದೇ ಅಲ್ಲ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆ ಸೇನೆಗೆ ಸೇರಿಸಲು ಹಾಕಿದ ಗೆರೆ 15. 2000ದಲ್ಲಿ ಒಪ್ಪಿ 2002ರ ಫೆಬ್ರುವರಿ 12ರಿಂದ ಜಾರಿಗೆ ಬಂದ, ಆ ಒಡಂಬಡಿಕೆಗೇ ಸೇರಿದ ಐಚ್ಛಿಕ ಒಪ್ಪಂದದ ಪ್ರಕಾರ 18 ತುಂಬದವರು ನೇರ ಕದನದಲ್ಲಿ ಪಾಲ್ಗೊಳ್ಳದಂತೆ ಸರ್ಕಾರಗಳು ನೋಡಿಕೊಳ್ಳಬೇಕು. ಬಂಡುಕೋರ ಗುಂಪುಗಳಂತೂ 18ರೊಳಗಿನವರನ್ನು ಸೇರಿಸಿಕೊಳ್ಳಲೇ ಕೂಡದು. ಭಾರತ 2005ರಲ್ಲಿ ಇದಕ್ಕೆ ಸೇರಿತು. ನಮ್ಮ 2015ರ ಬಾಲನ್ಯಾಯ ಕಾಯ್ದೆಯ 83ನೇ ಸೆಕ್ಷನ್ ಪ್ರಕಾರ ಉಗ್ರ ಗುಂಪುಗಳು ಮಕ್ಕಳನ್ನು ಬಳಸಿದರೆ ಏಳು ವರ್ಷದವರೆಗೆ ಸಜೆ, ಐದು ಲಕ್ಷ ದಂಡ. ಇಷ್ಟು ಹೇಳುವಷ್ಟರಲ್ಲಿ ಒಬ್ಬ ಕೈಯೆತ್ತಿದ: “ಹಾಗಾದ್ರೆ ಕೂಡಿಗೆ ಸೈನಿಕ ಶಾಲೆಯಲ್ಲಿರೋ ನನ್ನ ತಮ್ಮ ಎಂತ?” ಅವನು ವಿದ್ಯಾರ್ಥಿ ಮಾರಾಯ. ಸಮವಸ್ತ್ರ ಹಾಕಿದವರೆಲ್ಲ ಸೈನಿಕರಾದರೆ ನಮ್ಮ ಎನ್‌ಸಿಸಿ ಹುಡುಗರನ್ನೂ ಸೇರಿಸಬೇಕಾಗುತ್ತದೆ.

‘ಮುಗ್ಧ’ ಎಂಬ ಪದದ ಅಪಾಯ

ಉಗಾಂಡದ ಡೊಮಿನಿಕ್ ಆಂಗ್ವೆನ್‌ನನ್ನು ಬಾಲಕನಾಗಿದ್ದಾಗ ಶಾಲೆಯ ದಾರಿಯಲ್ಲಿ ಬಂಡುಕೋರರು ಹೊತ್ತೊಯ್ದರು. ದೊಡ್ಡವನಾಗಿ ಅದೇ ಪಡೆಯ ಕಮಾಂಡರ್ ಆದ. 2021ರಲ್ಲಿ ಹೇಗ್‌ನ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ಅವನಿಗೆ 25 ವರ್ಷ ಶಿಕ್ಷೆ ಕೊಟ್ಟಿತು. ಹದಿನೈದರೊಳಗಿನ ಮಕ್ಕಳನ್ನು ಪಡೆಗೆ ಸೇರಿಸಿದ್ದೂ ಅವನ ಅಪರಾಧಗಳಲ್ಲಿ ಒಂದು. ಅವನ ಬಾಲ್ಯಕ್ಕೆ ಆದದ್ದನ್ನು ನ್ಯಾಯಾಧೀಶರು ಶಿಕ್ಷೆ ನಿಗದಿ ಮಾಡುವಾಗ ಗಣನೆಗೆ ತೆಗೆದುಕೊಂಡರು, ತಪ್ಪನ್ನು ಮಾತ್ರ ಮನ್ನಿಸಲಿಲ್ಲ. ಕರಪತ್ರದ ‘ಮುಗ್ಧ’ ಎಂಬ ಪದದೊಳಗೆ ಇಂಥವನು ಹಿಡಿಸುವುದಿಲ್ಲ. ಎಲ್ಲ ಬಾಲ ಸೈನಿಕರೂ ಮುಗ್ಧರು ಎಂದುಬಿಟ್ಟರೆ, ಯಾರನ್ನೋ ಕೊಂದು ಬಂದ ಹದಿನಾರರ ಹುಡುಗನ ಮೇಲೆ ಕರುಣೆ ತೋರಲು ನಮಗೆ ಪದವೇ ಉಳಿಯುವುದಿಲ್ಲ.

ತಿರುವುಮುರುವಾದ ಇನ್ನೊಂದು ಪದವಿದೆ, ‘ವೀರ’. ಚಕ್ರವ್ಯೂಹದೊಳಗೆ ನುಗ್ಗಿದ ಅಭಿಮನ್ಯುವಿನ ಪ್ರಾಯ ಹದಿನಾರು ಎಂದು ಹೇಳುತ್ತಲೇ ನಾವು ಬೆಳೆದಿದ್ದೇವೆ. ಒಳಹೋಗುವ ದಾರಿ ಗೊತ್ತು, ಹೊರಬರುವ ದಾರಿ ಗೊತ್ತಿಲ್ಲ ಎಂದು ತಿಳಿದೂ ಕಳಿಸಿದವರು ಹಿರಿಯರು. ಆ ಕಥೆಯಲ್ಲಿ ವೀರರಸ ಕರುಣರಸವನ್ನು ಎಷ್ಟು ಹೊತ್ತು ಮುಚ್ಚಿಡುತ್ತದೆ ಎಂದು ಗಮನಿಸಿ. ಮಕ್ಕಳನ್ನು ಪಡೆಗೆ ಸೆಳೆಯುವವರ ಮಾತಿನ ವರಸೆಯೂ ಇದೇ: ‘ನೀನೇನು ಚಿಕ್ಕವನಾ?’ ಕರಪತ್ರ ಹದಿನೇಳರವನನ್ನು ಮಗು ಎಂದು ಕುಗ್ಗಿಸುತ್ತದೆ, ಸೆಳೆಯುವವನು ಹತ್ತರವನನ್ನು ಗಂಡಸು ಎಂದು ಹಿಗ್ಗಿಸುತ್ತಾನೆ.

ಉತ್ತರ ಬರೆಯುವಾಗ

ಒಂದು ಸಾಲು ಎತ್ತಿಕೊಳ್ಳಿ, ಅದರಲ್ಲಿ ಒಂದು ಪದ ಹಿಡಿಯಿರಿ, ಅದು ಏನು ಮಾಡುತ್ತದೆ ಎಂದು ಹೇಳಿ. ‘ಬಾಲ ಸೈನಿಕರ ಕಷ್ಟವನ್ನು ಮನಮುಟ್ಟುವಂತೆ ವರ್ಣಿಸಲಾಗಿದೆ’ ಎಂಬ ವಾಕ್ಯವನ್ನು ಯಾವ ಪದ್ಯದ ಕೆಳಗೆ ಅಂಟಿಸಿದರೂ ಅಂಟುತ್ತದೆ, ಅದೇ ಅದರ ದೋಷ. ‘“ಲಾರಿ ಹತ್ತಿಸಿದರು” ಎಂಬಲ್ಲಿ ಹತ್ತಿಸಿದವರ ಹೆಸರಿಲ್ಲ, ಹತ್ತಿದ ಮಗುವಿನ ಹೆಸರೂ ಇಲ್ಲ, ಲಾರಿ ಮಾತ್ರ ಕಾಣುತ್ತದೆ’ ಎಂದು ಬರೆದರೆ ಅದು ಈ ಪದ್ಯಕ್ಕೆ ಮಾತ್ರ ಹೊಂದುವ ಮಾತು.

ಕೊನೆಗೊಂದು ಕಸರತ್ತು. ಯಾವುದೇ ಪದ್ಯದ ಒಂದು ಪದ ಬದಲಿಸಿ ಓದಿ, ಏನು ಹೋಯಿತು ನೋಡಿ. ನಾವು ‘ಅವನು ತಗೊಂಡ’ ಎಂಬುದನ್ನು ‘ಮಗು ತಗೊಂಡಿತು’ ಎಂದು ಬದಲಿಸಿದೆವು. “ಹೀಗೆ ಓದಿದ್ರೆ ತಪ್ಪು ಅವನದ್ದಲ್ಲ ಅನ್ನಿಸ್ತದೆ,” ಎಂದ ಕಾಡಂಚಿನ ಹುಡುಗ. “ಆದ್ರೆ ತಗೊಂಡದ್ದು ಅವನೇ ಅಲ್ವಾ?” ಎಂದಳು ಎರಡನೇ ಬೆಂಚಿನವಳು. ತರಗತಿ ಎರಡು ಪಾಲಾಯಿತು. ಮರುದಿನ ಉತ್ತರ ಬರೆದು ತಂದಾಗ, ಸಾಲು ಎತ್ತಿ ತೋರಿಸಿದ ಎರಡೂ ಕಡೆಯವರಿಗೆ ಪೂರ್ತಿ ಅಂಕ ಕೊಟ್ಟೆ. ಒಬ್ಬನಿಗೆ ಮಾತ್ರ ಅರ್ಧ ಅಂಕ ಕಳೆದೆ. ಕೊನೆಯ ಸಾಲಿನಲ್ಲಿ ‘ಮನಮುಟ್ಟುವಂತೆ’ ಎಂದು ಬರೆದಿದ್ದ.