ತೂಕ ಇರುವ ಹೂವು: ಮ್ಯಾಗ್ನೋಲಿಯಾ ಬರೆದ ನನ್ನ ಅನುಭವ

ಮೊದಲ ಸಲ ಮ್ಯಾಗ್ನೋಲಿಯಾ ಹೂವಿನ ಚಿತ್ರ ಬರೆಯಲು ಕೂತಾಗ ಅದನ್ನು ಹೂದಾನಿಯಲ್ಲಿ ನಿಲ್ಲಿಸಿದ್ದೆ. ಗುಲಾಬಿ ಬರೆದು ರೂಢಿಯಾದ ಕೈ ಅಲ್ವಾ? ಆದರೆ ಇದು ಊಟದ ತಟ್ಟೆಯಷ್ಟು ಅಗಲದ ಹೂವು. ಕೊಂಬೆ ವಾಲಿತು, ಹೂದಾನಿಯೂ ಮಗುಚಿತು. ನೀರು ಒರೆಸಿ ತಿರುಗಿ ನೋಡಿದರೆ ಹೂವು ಬಟ್ಟೆಯ ಮೇಲೆ ಮಲಗಿತ್ತು. ಅದರ ಅಡಿಯಲ್ಲಿ ಬಟ್ಟೆ ಚೂರು ಕುಸಿದು ಸುಕ್ಕುಗಟ್ಟಿತ್ತು. ಇದು ತೂಕ ಇರುವ ಹೂವು ಅಂತ ಆಗ ಹೊಳೆಯಿತು. ಹೂದಾನಿ ಎತ್ತಿಟ್ಟೆ.

ಅಮೆರಿಕದ ಚಿತ್ರಕಾರ ಮಾರ್ಟಿನ್ ಜಾನ್ಸನ್ ಹೀಡ್ ಇದನ್ನು ಎಷ್ಟೋ ಮೊದಲೇ ಕಂಡುಕೊಂಡಿದ್ದ. 1883ರಲ್ಲಿ, ಅರವತ್ತು ದಾಟಿದ ಮೇಲೆ, ಫ್ಲೋರಿಡಾಕ್ಕೆ ಹೋಗಿ ನೆಲೆಸಿದ. ಅಲ್ಲಿ ಮ್ಯಾಗ್ನೋಲಿಯಾ ಗ್ರಾಂಡಿಫ್ಲೋರಾ ಎಂಬ ಜಾತಿಯ ದೊಡ್ಡ ಬಿಳಿ ಹೂಗಳನ್ನು ವೆಲ್ವೆಟ್ ಬಟ್ಟೆಯ ಮೇಲೆ ಮಲಗಿಸಿ ಮತ್ತೆ ಮತ್ತೆ ಬರೆದ. ಒಮ್ಮೆ ಕೆಂಪು ಬಟ್ಟೆ, ಒಮ್ಮೆ ಚಿನ್ನದ ಬಣ್ಣದ್ದು. ನೀಲಿ ವೆಲ್ವೆಟ್ ಮೇಲಿನ ಒಂದು ಚಿತ್ರ ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಮಲಗಿದ ಹೂವಿಗೆ ಮೈ ಇರುತ್ತದೆ ಅನ್ನುವುದನ್ನು ನಾನು ಕಲಿತದ್ದು ಆ ಚಿತ್ರಗಳಿಂದ.

ಸಂಪಿಗೆಯೂ ಮ್ಯಾಗ್ನೋಲಿಯಾ ಕುಲದ್ದೇ. ಆದರೆ ಅದರ ಎಸಳು ಸಪೂರ. ಗ್ರಾಂಡಿಫ್ಲೋರಾದ ಎಸಳು ದಪ್ಪ, ಬಟ್ಟಲಿನ ಹಾಗೆ ಒಳಗೆ ಬಾಗಿರುತ್ತದೆ. ಹಾಗಾಗಿ ಬೆಳಕು ಅದನ್ನು ಸುಮ್ನೆ ತೂರಿ ಹೋಗುವುದಿಲ್ಲ. ಒಂದು ಅಂಚಿನಲ್ಲಿ ನಿಂತು, ಒಳಗೆ ಇಳಿದು, ಇನ್ನೊಂದು ಎಸಳಿಗೆ ಬಡಿದು ವಾಪಸ್ ಬರುತ್ತದೆ.

ನನಗೆ ಕಷ್ಟ ಕೊಟ್ಟದ್ದು ಬಿಳಿ. ಟೈಟೇನಿಯಂ ವೈಟ್ ಅನ್ನುವ ಅಚ್ಚ ಬಿಳಿ ಬಣ್ಣ ನೇರವಾಗಿ ಹಚ್ಚಿದೆ. ಹೂವು ಸುಣ್ಣ ಬಳಿದ ಗೋಡೆಯಂತಾಯಿತು. ಎಲ್ಲ ಕೆರೆದು ತೆಗೆದೆ. ಎರಡನೇ ಸಲ ಮೊದಲು ನೆರಳನ್ನೇ ಬರೆದೆ. ಕಿಟಕಿ ಎಡಕ್ಕಿತ್ತು. ಬಲಗಡೆಯ ಎಸಳಿನ ಒಳಗೆ ಕಣ್ಣು ಕಿರಿದು ಮಾಡಿ ನೋಡಿದರೆ ಅಲ್ಲಿ ಬಿಳಿ ಇರಲೇ ಇಲ್ಲ. ಬೂದು ಇತ್ತು, ಎಲೆಯಿಂದ ಬಂದ ಹಸಿರು ಇತ್ತು, ಬುಡದ ಹತ್ತಿರ ಬೆಣ್ಣೆಯ ಹಳದಿ. ಬೂದು ಬಣ್ಣಕ್ಕೆ ಅಲ್ಟ್ರಾಮರೀನ್ ನೀಲಿ ಮತ್ತು ಬರ್ನ್ಟ್ ಸಿಯೆನ್ನಾ ಅನ್ನುವ ಕೆಂಗಂದು ಕಲಸಿ, ಬಿಳಿ ಸೇರಿಸಿದೆ. ಹಳದಿಗೆ ಯೆಲ್ಲೋ ಓಕರ್ ಅನ್ನುವ ಮಣ್ಣಿನ ಹಳದಿ ಬ್ರಷ್ ತುದಿಯಷ್ಟು ಸಾಕು. ಜಾಸ್ತಿ ಆದರೆ ಹೂವು ಮಾಸಿದಂತೆ ಕಾಣುತ್ತದೆ. ಅಚ್ಚ ಬಿಳಿ ಕೊನೆಗೆ ಎರಡೇ ಕಡೆ ಇಟ್ಟೆ, ಅಂಚು ಮಡಚಿದ ಜಾಗದಲ್ಲಿ.

ಎಲೆ ಅಷ್ಟು ಸತಾಯಿಸಲಿಲ್ಲ. ಮೇಲೆ ಕಡುಹಸಿರು ಹೊಳಪು, ಕೆಳಗೆ ತುಕ್ಕಿನ ಬಣ್ಣದ ಮೆತ್ತನೆ ರೋಮ. ಒಂದೆರಡು ಎಲೆಯನ್ನು ಬೇಕೆಂದೇ ತಿರುಗಿಸಿಡಿ. ಆ ಕಂದು ಪಕ್ಕದಲ್ಲಿದ್ದರೆ ಬಿಳಿಗೆ ಜೀವ ಬರುತ್ತದೆ.

ಈ ಹೂವು ಕಾಯುವುದಿಲ್ಲ. ಆದ್ದರಿಂದ ನಾನು ಎಲೆ, ಬಟ್ಟೆ ಎಲ್ಲ ಬಿಟ್ಟು ಮೊದಲ ದಿನವೇ ಹೂವನ್ನು ಮುಗಿಸುತ್ತೇನೆ. ಮುಟ್ಟುವುದಂತೂ ಬೇಡವೇ ಬೇಡ. ಒಮ್ಮೆ ಎಸಳನ್ನು ಚೂರು ಸರಿಸಲು ಹೋಗಿ ಹೆಬ್ಬೆರಳು ಒತ್ತಿಬಿಟ್ಟೆ. ಆಗ ಏನೂ ಕಾಣಲಿಲ್ಲ. ಮರುದಿನ ಬೆಳಿಗ್ಗೆ ನನ್ನ ಹೆಬ್ಬೆರಳಿನ ಗುರುತು ಅಲ್ಲೇ ಕಂದಾಗಿ ಮೂಡಿತ್ತು. ಬಹಳ ಬೇಜಾರಾಯಿತು. ಹೂವು ಬದಲಿಸೋಣ ಅಂದುಕೊಂಡೆ. ಆದರೆ ಆ ಕಂದು ಕಲೆಯ ಸುತ್ತ ಬಿಳಿ ಇನ್ನೂ ತಾಜಾ ಕಾಣುತ್ತಿತ್ತು. ಸಣ್ಣ ಬ್ರಷ್ ತೆಗೆದುಕೊಂಡು ಅದನ್ನೂ ಇದ್ದ ಹಾಗೇ ಬರೆದೆ. ಮಧ್ಯಾಹ್ನದ ಹೊತ್ತಿಗೆ ಕೇಸರಗಳು ಬೆಂಕಿಕಡ್ಡಿಯ ಚೂರುಗಳಂತೆ ಒಂದೊಂದಾಗಿ ಬಟ್ಟೆಯ ಮೇಲೆ ಉದುರತೊಡಗಿದವು. ಅವುಗಳಲ್ಲಿ ಏಳನ್ನು ಎಣಿಸಿ ಬರೆದೆ, ಬಿದ್ದಲ್ಲೇ.