ಉಪ್ಪುನೀರಿಗೆ ಒಂದು ಚಾಕು

ಹುಬ್ಬಳ್ಳಿಯ ನನ್ನ ಕುಲುಮೆಯಲ್ಲಿ ತಯಾರಾಗುವುದೆಲ್ಲ ಎರೆಹೊಲದ ಸಾಮಾನು: ಕುಡುಗೋಲು, ಕೊಡಲಿ, ಕಳೆ ತೆಗೆಯುವ ಕುರ್ಚಿಗೆ. ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿ ಕಾಯಿಸಿ ಬಡಿದರೆ ಸಾಕು. ಆದರೆ ಅಂಕೋಲೆಯಲ್ಲಿ ದೋಣಿ ಇಟ್ಟುಕೊಂಡಿರುವ ಭಾವ, ಹಗ್ಗ ಮತ್ತು ಬಲೆ ಕತ್ತರಿಸಲು ಚಾಕು ಬೇಕೆಂದಾಗ ಆ ಪಟ್ಟಿಯನ್ನು ನಾನು ಮುಟ್ಟಲಿಲ್ಲ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಸ್ಪ್ರಿಂಗ್ ಉಕ್ಕು ಅದರ ಮುಂದೆ ಒಂದು ರಾತ್ರಿಯೂ ತಡೆಯುವುದಿಲ್ಲ, ಬೆಳಗಾಗುವಷ್ಟರಲ್ಲಿ ಕೆಂಪೇರುತ್ತದೆ.

ಸ್ಟೇನ್‌ಲೆಸ್ ಎಂದ ಮಾತ್ರಕ್ಕೆ ಎಲ್ಲವೂ ಆಗುವುದಿಲ್ಲ. ಪಾತ್ರೆಗೆ ಬಳಸುವ 304 ದರ್ಜೆಗೆ ತುಕ್ಕು ಸುಲಭವಾಗಿ ಹಿಡಿಯದು, ಆದರೆ ಕಾಯಿಸಿ ಅದ್ದಿದರೂ ಅದು ಗಡುಸಾಗದು, ಅಲಗು ನಿಲ್ಲದು. ನಾನು ಆರಿಸಿದ್ದು ಶೇಕಡಾ 12ರಿಂದ 14ರಷ್ಟು ಕ್ರೋಮಿಯಂ ಇರುವ 420 ದರ್ಜೆಯ 3 ಮಿಲಿಮೀಟರ್ ತಗಡು. ಇದನ್ನು ಬಡಿಯುವ ಗೋಜಿಗೆ ಹೋಗದೆ ಕತ್ತರಿಸಿ ಉಜ್ಜಿಯೇ ರೂಪಕ್ಕೆ ತಂದೆ.

ಮೊನೆ ಇಡಲಿಲ್ಲ. ಅಲಗಿನ ಬೆನ್ನನ್ನು ತುದಿಯಲ್ಲಿ ಕೆಳಕ್ಕೆ ಬಾಗಿಸಿ ಮೊಂಡಾಗಿಸಿದೆ. ತೂಗಾಡುವ ದೋಣಿಯಲ್ಲಿ ಕೈ ಜಾರಿದರೆ ಪಕ್ಕದವನ ತೊಡೆಗೆ ನಾಟಬಾರದು. ಹಿಡಿಯ ಹತ್ತಿರದ ಅರ್ಧ ಅಲಗಿಗೆ ಗರಗಸದಂಥ ಹಲ್ಲು ಕೊಟ್ಟೆ. ಒದ್ದೆಯಾದ ನೈಲಾನ್ ಹಗ್ಗದ ಮೇಲೆ ನುಣುಪು ಅಲಗು ಜಾರುತ್ತದೆ, ಹಲ್ಲು ಕಚ್ಚುತ್ತದೆ.

ಹದ ಹಾಕಲು ಇದ್ದಿಲ ಕುಲುಮೆಯನ್ನು ನಂಬುವಂತಿರಲಿಲ್ಲ. ಈ ಉಕ್ಕಿಗೆ ಸುಮಾರು 1,020 ಡಿಗ್ರಿ ಸೆಲ್ಸಿಯಸ್ ಶಾಖ ಏರುಪೇರಿಲ್ಲದೆ ಬೇಕು. ಗೋಕುಲ ರಸ್ತೆಯ ಪರಿಚಿತರ ಘಟಕದ ವಿದ್ಯುತ್ ಕುಲುಮೆಯಲ್ಲಿ ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಬಳಿಕ 180 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟೆ. ಆಮೇಲಿನ ಕೆಲಸಕ್ಕೇ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಶಾಖದಿಂದ ಮೇಲೆ ಕಟ್ಟುವ ಕಪ್ಪು ಪೊರೆಯ ಅಡಿಯಲ್ಲಿ ಕ್ರೋಮಿಯಂ ಕಡಿಮೆಯಾಗಿರುತ್ತದೆ, ತುಕ್ಕು ಮೊದಲು ಕಣ್ಣು ಬಿಡುವುದು ಅಲ್ಲೇ. ಹಲ್ಲುಗಳ ಸಂದಿಯಲ್ಲಿ ಉಳಿದ ಪೊರೆಯನ್ನೂ ಕಡ್ಡಿಗೆ ಮರಳು ಕಾಗದ ಸುತ್ತಿ, ಉಗುರಿಗೆ ಗೀರು ಸಿಗದಷ್ಟು ಉಜ್ಜಿ ತೆಗೆದೆ. ಗೀರಿದ್ದರೆ ಉಪ್ಪು ಅಲ್ಲಿ ಮನೆ ಮಾಡುತ್ತದೆ.

ಹಿಡಿಗೆ ಹಳಿಯಾಳ ಕಡೆಯ ಸಾಗವಾನಿ. ಅದರಲ್ಲಿ ಸಹಜವಾಗಿಯೇ ಎಣ್ಣೆಯಂಶವಿರುವುದರಿಂದ ಅಂಟು ಹಚ್ಚುವ ಮುನ್ನ ಅಸಿಟೋನ್‌ನಿಂದ ಒರೆಸಬೇಕು. ಎಪಾಕ್ಸಿ ಅಂಟನ್ನು ಧಾರಾಳವಾಗಿ ಹಚ್ಚಿದೆ. ಮರಕ್ಕೂ ಉಕ್ಕಿಗೂ ನಡುವೆ ಕೂದಲೆಳೆಯಷ್ಟು ಸಂದಿ ಉಳಿದರೂ ಉಪ್ಪುನೀರು ಅಲ್ಲಿ ನಿಂತು ಒಳಗಿನಿಂದಲೇ ತಿನ್ನುತ್ತದೆ. ನಮ್ಮಲ್ಲಿ ಹಿತ್ತಾಳೆಯ ರಿವೆಟ್ ವಾಡಿಕೆ. ಎರಡು ಬೇರೆ ಲೋಹಗಳು ಉಪ್ಪುನೀರಿನಲ್ಲಿ ಒಂದನ್ನೊಂದು ಮುಟ್ಟಿದರೆ ಒಂದು ಬೇಗ ಸವೆಯುತ್ತದೆ ಎಂದು ಅದನ್ನು ಬಿಟ್ಟು 316 ದರ್ಜೆಯ ಸ್ಟೇನ್‌ಲೆಸ್ ಸರಳನ್ನೇ ಬಳಸಿದೆ.

ಒರೆಗೆ ಚರ್ಮ ಬೇಡವೇ ಬೇಡ, ಅದು ಉಪ್ಪನ್ನೂ ತೇವವನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಹೊಲಕ್ಕೆ ನೀರು ಹಾಯಿಸುವ ಪಿವಿಸಿ ಪೈಪಿನ ತುಂಡನ್ನು ಕುದಿಯುವ ನೀರಿನಲ್ಲಿ ಮೆದುವಾಗಿಸಿ, ಚಾಕುವಿನ ಅಳತೆಯ ಹಲಗೆಯ ಮೇಲೆ ಒತ್ತಿ ಚಪ್ಪಟೆ ಮಾಡಿದೆ. ಬೆಂಕಿಗೆ ಹಿಡಿಯಬಾರದು, ಅದರ ಹೊಗೆ ವಿಷ. ತಳದಲ್ಲಿ ನೀರಿಳಿಯಲು ತೂತು ಕೊರೆದೆ. ಹಿಡಿಯ ತುದಿಯ ತೂತಿಗೆ ಕಿತ್ತಳೆ ಬಣ್ಣದ ದಾರ.

ದೋಣಿ ದಡಕ್ಕೆ ಬಂದೊಡನೆ ಸಿಹಿನೀರಿನಲ್ಲಿ ತೊಳೆದು, ಒರೆಸಿ, ಒರೆಯ ಹೊರಗೆ ಒಣಗಿಸಲು ಭಾವನಿಗೆ ಹೇಳಿದ್ದೇನೆ. ಹಲ್ಲು ಮೊಂಡಾದರೆ ಉಜ್ಜುವುದು ಒಂದೇ ಮಗ್ಗುಲಲ್ಲಿ, ಅದೂ ತೆಳು ವಜ್ರದ ಕಡ್ಡಿಯಿಂದ. ಅದನ್ನೂ ಚಾಕುವಿನ ಜೊತೆಗೇ ಕಳಿಸಿದೆ.