ಟ್ರಿಸ್ ಬಫರ್: ಆರಿದ ಮೇಲೆಯೇ ಅಳೆಯಿರಿ

ಟ್ರಿಸ್ ಬಫರ್ (ಪಿಎಚ್, ಅಂದರೆ ಆಮ್ಲೀಯತೆಯ ಅಳತೆ, ಸುಲಭವಾಗಿ ಬದಲಾಗದಂತೆ ತಡೆಯುವ ದ್ರಾವಣ) ಮಾಡುವಾಗ ಪಿಎಚ್ ಮೀಟರಿನಲ್ಲಿ 8.0 ಕಂಡದ್ದೇ ತಡ, ಬಾಟಲಿಗೆ ಚೀಟಿ ಅಂಟಿಸುವವರನ್ನು ಪ್ರಯೋಗಾಲಯದಲ್ಲಿ ಎಷ್ಟೋ ಸಲ ನೋಡಿದ್ದೇನೆ. ಮರುದಿನ ಅಳೆದರೆ 8.3 ಬರುತ್ತದೆ, ಮೀಟರ್ ಕೆಟ್ಟಿದೆ ಎಂದು ದೂರುತ್ತಾರೆ. ಬಿಸಿ ದ್ರಾವಣವನ್ನು ಅಳೆದರೆ ಹೀಗೇ ಆಗುವುದು.

ಟ್ರಿಸ್ ಒಂದು ಸಾವಯವ ಪ್ರತ್ಯಾಮ್ಲ. ಹೈಡ್ರೋಕ್ಲೋರಿಕ್ ಆಮ್ಲ ಹಾಕಿದಷ್ಟೂ ಅದು ಲವಣವಾಗುತ್ತಾ ಹೋಗುತ್ತದೆ. ಅರ್ಧ ಪ್ರತ್ಯಾಮ್ಲ, ಅರ್ಧ ಲವಣ ಇರುವಾಗ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಿಎಚ್ ಸುಮಾರು 8.1.

ಒಂದು ಲೀಟರ್, 1 ಮೋಲಾರ್ (ಲೀಟರಿಗೆ ಒಂದು ಮೋಲ್) ದ್ರಾವಣಕ್ಕೆ 121.1 ಗ್ರಾಂ ಟ್ರಿಸ್ ತೂಗಿ, 800 ಮಿಲಿಲೀಟರ್ ಶುದ್ಧ ನೀರಿನಲ್ಲಿ ಕರಗಿಸಿ. ಮೀಟರನ್ನು 7 ಮತ್ತು 10ರ ಬಫರುಗಳಲ್ಲಿ ಸರಿಹೊಂದಿಸಿ. ಪಿಎಚ್ ಕಾಗದವನ್ನು ಈ ಕೆಲಸಕ್ಕೆ ಮುಟ್ಟಲೇಬೇಡಿ. ಎಲೆಕ್ಟ್ರೋಡ್ ಕೂಡ ಎರಡು ಜಂಕ್ಷನ್‌ನದ್ದೇ (ಒಳಗಿನ ದ್ರವ ಹೊರಗಿನ ದ್ರಾವಣಕ್ಕೆ ತಾಗುವ ದಾರಿಯಲ್ಲಿ ಎರಡು ತಡೆ ಇರುವುದು) ಇರಲಿ. ಒಂದೇ ಜಂಕ್ಷನ್‌ನ ಕೆಲವು ಬೆಳ್ಳಿ ಎಲೆಕ್ಟ್ರೋಡ್‌ಗಳು ಟ್ರಿಸ್‌ನಲ್ಲಿ ತಪ್ಪು ಅಂಕಿ ತೋರಿಸುತ್ತವೆ.

ಎಡವುವುದು ಆಮ್ಲ ಹಾಕುವಾಗ. ಪಿಎಚ್ 8.0ಕ್ಕೆ ಒಟ್ಟು ಸುಮಾರು 42 ಮಿಲಿಲೀಟರ್ ಸಾಂದ್ರ ಆಮ್ಲ ಬೇಕು. ಕನ್ನಡಕ, ಕೈಗವಸು ಹಾಕಿಕೊಂಡು, ಹೊಗೆ ಹೀರುವ ಕಪಾಟಿನೊಳಗೆ, ಕಲಕುತ್ತಲೇ 35 ಮಿಲಿಲೀಟರನ್ನು ನಿಧಾನವಾಗಿ ಹಾಕಿ, ನಿಲ್ಲಿಸಿ. ಬೀಕರ್ ಮುಟ್ಟಿದರೆ ಬೆಚ್ಚಗಿರುತ್ತದೆ. ಉಷ್ಣಾಂಶ ಒಂದು ಡಿಗ್ರಿ ಏರಿದರೆ ಟ್ರಿಸ್‌ನ ಪಿಎಚ್ ಸುಮಾರು 0.03 ಇಳಿಯುತ್ತದೆ; ಹತ್ತು ಡಿಗ್ರಿ ಬಿಸಿಯಾಗಿದ್ದರೆ ಲೆಕ್ಕ ನೀವೇ ಹಾಕಿ. ಮೀಟರಿನ ಉಷ್ಣಾಂಶ ತಿದ್ದುಪಡಿಯನ್ನು ನಂಬಿ ಕೂರಬೇಡಿ. ಅದು ಎಲೆಕ್ಟ್ರೋಡಿನ ವ್ಯತ್ಯಾಸವನ್ನು ಮಾತ್ರ ಸರಿಪಡಿಸುತ್ತದೆ, ದ್ರಾವಣದ ಪಿಎಚ್ ಬದಲಾದದ್ದನ್ನಲ್ಲ. ಪೂರ್ತಿ 25 ಡಿಗ್ರಿಗೆ ಆರಲು ಬಿಡಿ. ಆಗ ಅಂಕಿ 8.2ರ ಆಸುಪಾಸಿಗೆ ಬಂದಿರುತ್ತದೆ. ಉಳಿದ ಆಮ್ಲವನ್ನು ಸ್ವಲ್ಪ ಸ್ವಲ್ಪವೇ ಹಾಕಿ, ಪ್ರತಿ ಸಲವೂ ಅಂಕಿ ನಿಲ್ಲುವವರೆಗೆ ಕಾಯಿರಿ.

ಗುರಿ ದಾಟಿತೇ? ಸೋಡಿಯಂ ಹೈಡ್ರಾಕ್ಸೈಡ್ ಹಾಕಿ ಹಿಂದಕ್ಕೆ ತರುವ ಅಡ್ಡದಾರಿ ಬೇಡ. ಪಿಎಚ್ ಸರಿಹೋದರೂ ಬೇಡದ ಉಪ್ಪು ದ್ರಾವಣದಲ್ಲೇ ಉಳಿಯುತ್ತದೆ. ಹೊಸದಾಗಿ ಮಾಡಿ. ಟ್ರಿಸ್ ಮತ್ತು ಅದರ ಲವಣವಾದ ಟ್ರಿಸ್ ಹೈಡ್ರೋಕ್ಲೋರೈಡ್ ಎರಡನ್ನೂ ಲೆಕ್ಕ ಹಾಕಿ ತೂಗಿ ಬೆರೆಸುವುದು ಒಳ್ಳೆಯ ಅಡ್ಡದಾರಿ, ಸಾಂದ್ರ ಆಮ್ಲದ ಗೊಡವೆಯೇ ಇಲ್ಲ. ಹಾಗೆ ಮಾಡಿದರೂ ಅಳೆಯದೆ ಬಿಡಬೇಡಿ.

ಕೊನೆಗೆ ನೀರು ಸೇರಿಸಿ ಒಂದು ಲೀಟರ್ ಮಾಡಿ, ಇನ್ನೊಮ್ಮೆ ಅಳೆಯಿರಿ. 25 ಡಿಗ್ರಿಯಲ್ಲಿ 8.0 ಇರುವ ಈ ಬಫರ್ 4 ಡಿಗ್ರಿಯ ತಂಪು ಕೋಣೆಯಲ್ಲಿ 8.6ರ ಹತ್ತಿರ ಹೋಗುತ್ತದೆ. ಆದ್ದರಿಂದ ಚೀಟಿಯಲ್ಲಿ ಪಿಎಚ್ ಪಕ್ಕದಲ್ಲೇ ಅಳೆದಾಗಿನ ಉಷ್ಣಾಂಶವನ್ನೂ ಬರೆಯಿರಿ.